ಮೊಡವೆಗೆ ಬೈಯೋದು ಮಿರ್ಚಿಗೆ, ನೋಡಬೇಕಾದ್ದು ಟೀ ಲೋಟ: 25 ದಾಟಿದವರ ಮುಖದ ಮೊಡವೆಗೆ ಊಟ, ಪಾನೀಯ ಎಷ್ಟು ಸಹಾಯ ಮಾಡುತ್ತೆ?

ಚಳ್ಳಕೆರೆ: “ಅಣ್ಣಾ, ಮೊಡವೆಗೆ ಒಂದು ಒಳ್ಳೆ ಟ್ಯೂಬ್ ಕೊಡಣ್ಣ. ಮುಂದಿನ ವಾರ ಹೆಣ್ಣು ನೋಡೋಕೆ ಹೋಗೋದೈತೆ.”

“ಮೊದ್ಲು ಆ ಮಿರ್ಚಿ, ಶೇಂಗಾ ತಿನ್ನೋದು ಬಿಡಪ್ಪ, ಮೈಯೆಲ್ಲ ಹೀಟ್ ಆಗೈತೆ. ಇದನ್ನ ರಾತ್ರಿ ಹಚ್ಕೊ, ನಾಕು ದಿನಕ್ಕೆ ಹೋಗುತ್ತೆ.”

ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು, ಯಾವ ಊರಿನ ಮೆಡಿಕಲ್ ಸ್ಟೋರ್ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತೆ. ಮಾತಾಡೋ ಇಬ್ಬರಿಗೂ ಕೆಟ್ಟ ಉದ್ದೇಶ ಇರಲ್ಲ. ಆದರೆ ಈ ಎರಡು ಸಾಲಿನ ಸಲಹೆಯಲ್ಲಿ ಎರಡು ತಪ್ಪಿವೆ. ಒಂದು, ಮಿರ್ಚಿ ಮತ್ತು ಶೇಂಗಾದ ಮೇಲೆ ಹಾಕಿದ ಆರೋಪಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಎರಡು, ನಾಲ್ಕೇ ದಿನಕ್ಕೆ ಮುಖ ಬೆಳ್ಳಗೆ, ನುಣ್ಣಗೆ ಮಾಡೋ ಟ್ಯೂಬು ಸ್ಟಿರಾಯ್ಡ್ ಆಗಿರೋ ಸಾಧ್ಯತೆ ಜಾಸ್ತಿ. ಅದು ಕಡೆಗೆ ಮೊಡವೆಗಿಂತ ದೊಡ್ಡ ತಲೆನೋವಾಗುತ್ತೆ.

ಹಾಗಾದ್ರೆ ಊಟ ಬದಲಾಯಿಸಿದರೆ ಮೊಡವೆ ಹೋಗುತ್ತಾ? ಜ್ಯೂಸು, ಕಷಾಯ ಕುಡಿದರೆ ಹೋಗುತ್ತಾ? ನೇರ ಉತ್ತರ: ಊಟದಿಂದ ಸ್ವಲ್ಪ ಸಹಾಯ ಆಗುತ್ತೆ, ಅದೂ ಹೊಸದಾಗಿ ಏನನ್ನೋ ಕುಡಿಯೋದರಿಂದಲ್ಲ, ಈಗ ಕುಡೀತಿರೋ ಸಕ್ಕರೆ ಕಡಿಮೆ ಮಾಡೋದರಿಂದ. ಊಟದಿಂದಲೇ ಪೂರ್ತಿ ವಾಸಿ ಆಗುತ್ತೆ ಅಂತ ಕಾಯ್ತಾ ಕೂತರೆ ಮುಖದ ಮೇಲೆ ಕಲೆ, ಗುಳಿ ಉಳಿಯುತ್ತೆ.

ಮೊಡವೆ ಬರೋದು ಹೇಗೆ?

ಮುಖದ ಚರ್ಮದಲ್ಲಿ ಕೂದಲ ಬುಡದ ಪಕ್ಕ ಸಣ್ಣ ಎಣ್ಣೆ ಗ್ರಂಥಿಗಳಿರುತ್ತವೆ. ಚರ್ಮ ಒಣಗದಂತೆ ನೋಡಿಕೊಳ್ಳೋದು ಅವುಗಳ ಕೆಲಸ. ಹಾರ್ಮೋನ್ ಏರುಪೇರಾದಾಗ ಎಣ್ಣೆ ಜಾಸ್ತಿ ಬರುತ್ತೆ, ಸತ್ತ ಚರ್ಮದ ಚೂರು ಸೇರಿ ರಂಧ್ರ ಕಟ್ಟಿಕೊಳ್ಳುತ್ತೆ. ಒಳಗೆ ಮೊದಲಿಂದಲೂ ಇರೋ ಬ್ಯಾಕ್ಟೀರಿಯಾ ಅಲ್ಲೇ ಹೆಚ್ಚಾಗುತ್ತೆ. ಸುತ್ತ ಊದಿ ಕೆಂಪಾಗಿ ಕೀವು ತುಂಬುತ್ತೆ. ಇಷ್ಟೇ ಮೊಡವೆ. ಇದು ಕೊಳೆಯಿಂದ ಬಂದಿದ್ದಲ್ಲ, ‘ರಕ್ತ ಕೆಟ್ಟು’ ಬಂದಿದ್ದೂ ಅಲ್ಲ.

ಕಾಲೇಜು ಮುಗಿದ ಮೇಲೆ ತಾನಾಗೇ ಹೋಗುತ್ತೆ ಅಂತ ಮನೆಯಲ್ಲಿ ಹೇಳ್ತಾರೆ. ಸುಮಾರು ಜನರಿಗೆ ಹೋಗುತ್ತೆ. ಆದರೆ 25 ದಾಟಿದ ಮೇಲೂ ಉಳಿಯೋದು, ಹೊಸದಾಗಿ ಶುರುವಾಗೋದು ಎರಡೂ ಉಂಟು. ದೊಡ್ಡವರ ಮೊಡವೆ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಗಲ್ಲ, ದವಡೆ, ಕುತ್ತಿಗೆ ಕಡೆ ನೋವಿನ ಗಂಟುಗಳಾಗಿ ಬರುತ್ತೆ, ತಿಂಗಳ ಮುಟ್ಟಿಗೆ ಮುಂಚೆ ಏರುತ್ತೆ.

ಸಕ್ಕರೆಗೂ ಮುಖಕ್ಕೂ ಏನು ಸಂಬಂಧ?

ಸಕ್ಕರೆ, ಮೈದಾ, ಪಾಲಿಶ್ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಸರ್ರನೆ ಏರಿಸುತ್ತವೆ. ಅದನ್ನ ಇಳಿಸೋಕೆ ಇನ್ಸುಲಿನ್ ಬರುತ್ತೆ. ಇನ್ಸುಲಿನ್ ಏರಿದಾಗ ಐಜಿಎಫ್-1 ಅನ್ನೋ ಬೆಳವಣಿಗೆ ಹಾರ್ಮೋನಿನ ಪ್ರಭಾವವೂ ಏರುತ್ತೆ. ಇವೆರಡೂ ಸೇರಿ ಎಣ್ಣೆ ಗ್ರಂಥಿಗೆ ‘ಇನ್ನೂ ಕೆಲಸ ಮಾಡು’ ಅನ್ನುತ್ತವೆ. ಹಾಗಾಗಿ ತಿಂದ ಎಣ್ಣೆ ನೇರವಾಗಿ ಮುಖಕ್ಕೆ ಬರಲ್ಲ. ಕುಡಿದ ಸಕ್ಕರೆಯೇ ಹಾರ್ಮೋನಿನ ದಾರಿ ಹಿಡಿದು ಮುಖದ ಎಣ್ಣೆ ಹೆಚ್ಚಿಸುತ್ತೆ.

ಇದನ್ನ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15ರಿಂದ 25 ವರ್ಷದ 43 ಯುವಕರಿದ್ದರು. ಒಂದು ಗುಂಪಿಗೆ 12 ವಾರ ಸಕ್ಕರೆ ನಿಧಾನವಾಗಿ ಏರಿಸೋ ಊಟ, ಇನ್ನೊಂದು ಗುಂಪಿಗೆ ಮಾಮೂಲಿ ಊಟ. ಮೊದಲ ಗುಂಪಿನಲ್ಲಿ ಸರಾಸರಿ 23ಕ್ಕೂ ಹೆಚ್ಚು ಮೊಡವೆ ಕಡಿಮೆಯಾದವು. ಮಾಮೂಲಿ ಊಟ ಮಾಡಿದವರಲ್ಲೂ ಸುಮಾರು 12 ಕಡಿಮೆಯಾದವು!

ಈ ಎರಡನೇ ಅಂಕಿಯನ್ನ ಅಂಗಡಿಯವರು, ಗಿರಾಕಿಗಳು ಇಬ್ಬರೂ ನೆನಪಿಡಬೇಕು. ಏನೂ ಬದಲಾಯಿಸದಿದ್ದರೂ ಮೊಡವೆ ಏರುತ್ತೆ, ಇಳಿಯುತ್ತೆ. ಅದು ಇಳಿಯೋ ಹೊತ್ತಿಗೆ ಕೈಯಲ್ಲಿ ಯಾವ ಕಷಾಯ ಇರುತ್ತೋ, ಹೆಸರು ಅದಕ್ಕೇ ಬರುತ್ತೆ. “ನಮ್ಮ ಮಾವನ ಮಗನಿಗೆ ಇದರಲ್ಲೇ ಹೋಯ್ತು” ಅನ್ನೋ ಮಾತುಗಳು ಹುಟ್ಟೋದು ಹೀಗೆ. ಆ ಅಧ್ಯಯನದಲ್ಲಿ ಊಟ ಬದಲಿಸಿದವರ ತೂಕವೂ ಇಳಿದಿತ್ತು, ಆದ್ದರಿಂದ ಲಾಭ ಪೂರ್ತಿ ಊಟದ್ದೇ ಅಂತ ಹೇಳೋಕೂ ಬರಲ್ಲ.

ದೊಡ್ಡವರ ಬಗ್ಗೆ ಫ್ರಾನ್ಸಿನಲ್ಲಿ ಒಂದು ದೊಡ್ಡ ಸಮೀಕ್ಷೆ ಆಗಿದೆ. 2020ರಲ್ಲಿ ಪ್ರಕಟವಾದ ಅದರಲ್ಲಿ 24,452 ವಯಸ್ಕರಿದ್ದರು. ಸಕ್ಕರೆ ಪಾನೀಯ, ಹಾಲು, ಎಣ್ಣೆ-ಸಕ್ಕರೆ ಎರಡೂ ಸೇರಿದ ತಿಂಡಿ ಜಾಸ್ತಿ ತಗೊಳ್ಳೋರಲ್ಲಿ ಮೊಡವೆ ಜಾಸ್ತಿ ಕಂಡುಬಂತು. ಎರಡೂ ಒಟ್ಟಿಗೆ ಕಂಡವು ಅಂತ ಅಷ್ಟೇ ಇದರ ಅರ್ಥ, ಇದರಿಂದಲೇ ಅದು ಬಂತು ಅಂತ ಸಾಬೀತಾಗಿಲ್ಲ.

ಪೆಟ್ಟಿ ಅಂಗಡಿ ಲೆಕ್ಕ

ವರವು ಕಾವಲ್ ಕಡೆ ಒಂದು ಸುತ್ತು ಹೋಗಿ ಬಂದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತೆ. ಹಿಂದೆ ಅಮೃತಮಹಲ್ ರಾಸುಗಳು, ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು ಅದು. 2017ರ ಮೇ 28ರಂದು ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆ ಆಯ್ತು. ಕುರಿ ಹಿಂದೆ ಹೋಗೋರು ಮೊದಲು ಬುತ್ತಿ ಜೊತೆ ಮಜ್ಜಿಗೆಯೋ ಅಂಬಲಿಯೋ ಒಯ್ಯುತ್ತಿದ್ದರು. ಈಗ ಕೂಲಿಗೆ, ಡ್ರೈವಿಂಗಿಗೆ, ನೈಟ್ ಡ್ಯೂಟಿಗೆ ಹೋಗೋ ಹುಡುಗರ ಕೈಯಲ್ಲಿ ಇರೋದು ಟೀ ಲೋಟ ಮತ್ತು ತಂಪು ಬಾಟಲಿ.

ಒಂದು ಟೀಗೆ ಎರಡು ಚಮಚ ಸಕ್ಕರೆ ಅಂದ್ರೆ 8ರಿಂದ 10 ಗ್ರಾಂ. ದಿನಕ್ಕೆ ಆರು ಟೀ ಕುಡಿದರೆ 50 ಗ್ರಾಂ ಹತ್ತಿರ ಬಂತು. ಮಾಮೂಲಿ ಕೋಲಾ ಥರದ ಕೂಲ್ ಡ್ರಿಂಕ್ಸ್‌ನಲ್ಲಿ 100 ಮಿ.ಲೀ.ಗೆ ಸುಮಾರು 10-11 ಗ್ರಾಂ ಸಕ್ಕರೆ ಇರುತ್ತೆ, ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿದರೆ ಸಿಗುತ್ತೆ. 250 ಮಿ.ಲೀ. ಬಾಟಲಿಯಲ್ಲಿ ಹೆಚ್ಚುಕಡಿಮೆ ಐದಾರು ಚಮಚ. ಮೇಲಿಂದ ಸೇರಿಸಿಕೊಳ್ಳೋ ಸಕ್ಕರೆ ದಿನದ ಶಕ್ತಿಯ ಶೇ 10 ದಾಟಬಾರದು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದೊಡ್ಡವರಿಗೆ ಅದು ಸುಮಾರು 50 ಗ್ರಾಂ ಮತ್ತು 25 ಗ್ರಾಂ. ಅಂದ್ರೆ ಆರು ಟೀ ಕುಡಿಯೋರ ದಿನದ ಮಿತಿ ಟೀಯಲ್ಲೇ ಮುಗಿದುಹೋಯ್ತು. ಬಾಟಲಿ, ಬನ್ನು, ಬಿಸ್ಕತ್ತು ಎಲ್ಲ ಮೇಲಿಂದ.

ಮಿರ್ಚಿ, ಶೇಂಗಾ ಮೇಲಿನ ಆರೋಪ

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಇಲ್ಲಿನ ಬೆಳೆ, ವ್ಯಾಪಾರ, ಊಟ ಎಲ್ಲವೂ. “ಶೇಂಗಾ ತಿಂದರೆ ಮೊಡವೆ” ಅನ್ನೋದು ಹಳೇ ನಂಬಿಕೆ. ಆದರೆ ಶೇಂಗಾ ರಕ್ತದ ಸಕ್ಕರೆ ಏರಿಸೋದು ತೀರಾ ನಿಧಾನ, ಮೇಲೆ ಹೇಳಿದ ದಾರಿ ನೋಡಿದರೆ ಅದು ಬಿಸ್ಕತ್ತಿಗಿಂತ ಎಷ್ಟೋ ಮೇಲು. ಬೆಲ್ಲದ ಪಾಕದ ಶೇಂಗಾ ಚಿಕ್ಕಿ ಮಾತ್ರ ಬೇರೆ ಲೆಕ್ಕ, ಅಲ್ಲಿರೋದು ಸಕ್ಕರೆಯೇ.

ಮಂಡಕ್ಕಿ-ಮೆಣಸಿನಕಾಯಿ ವಿಚಾರದಲ್ಲಿ ಜನ ಬೈಯೋದು ಮೆಣಸಿನಕಾಯಿಗೆ. ಖಾರದಿಂದ ಮೊಡವೆ ಬರುತ್ತೆ ಅನ್ನೋಕೆ ಒಳ್ಳೆ ಪುರಾವೆ ಇಲ್ಲ. ಸಕ್ಕರೆ ಬೇಗ ಏರಿಸೋದು ಪಕ್ಕದಲ್ಲಿ ಬೆಳ್ಳಗೆ ಸಾಧುವಂತೆ ಕೂತಿರೋ ಮಂಡಕ್ಕಿ. ಅಕ್ಕಿ ಅರಳಿಸಿದಷ್ಟೂ ಬೇಗ ಜೀರ್ಣ ಆಗುತ್ತೆ. ಹಾಗಂತ ಬಿಡಲೇಬೇಕು ಅಂತೇನಿಲ್ಲ. ಮಂಡಕ್ಕಿ ಸ್ವಲ್ಪ ಕಡಿಮೆ, ಶೇಂಗಾ, ಈರುಳ್ಳಿ, ಟೊಮೆಟೊ ಸ್ವಲ್ಪ ಜಾಸ್ತಿ ಹಾಕಿಸಿಕೊಂಡರೆ ಸಾಕು. ಆಮೇಲೆ ಅದರ ಮೇಲೆ ಸಕ್ಕರೆ ಟೀ ಬೇಡ.

ಎಣ್ಣೆ ಹೊಟ್ಟೆಗೆ ಹೋಗೋದಕ್ಕಿಂತ ಮುಖಕ್ಕೆ ತಾಗೋದು ದೊಡ್ಡ ತೊಂದರೆ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ರಂಧ್ರ ಕಟ್ಟಿಸೋದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರೋ ಸಂಗತಿ. ಗ್ಯಾರೇಜಿನ ಗ್ರೀಸು, ಮಷೀನ್ ಆಯಿಲ್ ಕೂಡ ಹಾಗೇ ಮಾಡುತ್ತೆ. ಬಜ್ಜಿ ಬಾಣಲೆ ಮುಂದೆ ದಿನವಿಡೀ ನಿಲ್ಲೋರು, ಗ್ಯಾರೇಜಿನವರು ಕೆಲಸ ಮುಗಿದ ಮೇಲೆ ಮುಖ ತೊಳೆದುಕೊಳ್ಳೋದು, ಎಣ್ಣೆ ಕೈಯಿಂದ ಮುಖ ಒರೆಸಿಕೊಳ್ಳದೇ ಇರೋದು ಒಳ್ಳೇದು.

ಮುದ್ದೆ, ನವಣೆ, ಹಾಲು

ಪಾಲಿಶ್ ಅನ್ನದ ಬದಲು ವಾರದಲ್ಲಿ ಮೂರ್ನಾಲ್ಕು ದಿನ ನವಣೆ ಅನ್ನ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತೆ. ರಾಗಿ ಮುದ್ದೆ ಒಳ್ಳೇದೇ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಬರೀ ತಿಳಿಸಾರಲ್ಲಿ ನುಂಗಿದರೆ ಅದೂ ಸಕ್ಕರೆ ಏರಿಸುತ್ತೆ. ಮುದ್ದೆ ಸ್ವಲ್ಪ ಚಿಕ್ಕದು, ಜೊತೆಗೆ ಹುರುಳಿ, ಅಲಸಂದೆ, ಸೊಪ್ಪು, ತಿನ್ನೋರಿಗೆ ಮೊಟ್ಟೆ. ನಮ್ಮ ಕಡೆ ಹಳೇ ಊಟವೇ ಇದು.

ಹಾಲಿನ ವಿಷಯದಲ್ಲಿ ಪುರಾವೆ ಮಿಶ್ರವಾಗಿದೆ. ಜಾಸ್ತಿ ಹಾಲು ಕುಡಿಯೋರಲ್ಲಿ ಮೊಡವೆ ಸ್ವಲ್ಪ ಜಾಸ್ತಿ ಅಂತ ಕೆಲವು ಸಮೀಕ್ಷೆಗಳು ಹೇಳುತ್ತವೆ. ಆದರೆ ಇಲ್ಲಿ ಹೆಚ್ಚಿನ ಮನೆಗಳಲ್ಲಿ ಹಾಲು ಹೋಗೋದು ಟೀಗೆ, ಮೊಸರಿಗೆ. ಅಷ್ಟಕ್ಕೆ ಹೆದರಿ ಮಜ್ಜಿಗೆ ಬಿಡಬೇಕಾಗಿಲ್ಲ. ಜಿಮ್‌ಗೆ ಹೋಗೋ ಹುಡುಗರು ಕುಡಿಯೋ ವೇ ಪ್ರೋಟೀನ್ ಪುಡಿ ಹಾಲಿನದ್ದೇ. ಅದನ್ನ ಶುರು ಮಾಡಿದ ಮೇಲೆ ಮುಖ, ಬೆನ್ನಿನ ಮೇಲೆ ಮೊಡವೆ ಎದ್ದ ಉದಾಹರಣೆಗಳನ್ನ ವೈದ್ಯರು ದಾಖಲಿಸಿದ್ದಾರೆ. ಹಾಗಾಗಿದ್ದರೆ ಎರಡು ತಿಂಗಳು ನಿಲ್ಲಿಸಿ ನೋಡಬಹುದು.

ಕುಡಿದು ವಾಸಿ ಮಾಡ್ಕೊಳ್ಳೋ ಆಸೆ

‘ದಿನಕ್ಕೆ ಐದು ಲೀಟರ್ ನೀರು ಕುಡಿ’ ಅನ್ನೋದು ಮೊಬೈಲಿನಲ್ಲಿ ಸಿಗೋ ಮೊದಲ ಸಲಹೆ. ಬಾಯಾರಿಕೆಗೆ ತಕ್ಕಷ್ಟು ನೀರು ಬೇಕು, ಬಿಸಿಲಲ್ಲಿ ದುಡಿಯೋರಿಗೆ ಇನ್ನೂ ಜಾಸ್ತಿ ಬೇಕು. ಆದರೆ ಅದಕ್ಕಿಂತ ಮೇಲೆ ಕುಡಿದರೆ ಮೊಡವೆ ತೊಳೆದು ಹೋಗುತ್ತೆ ಅನ್ನೋಕೆ ಆಧಾರ ಇಲ್ಲ. ನಮ್ಮ ಎರಡೂ ತಾಲ್ಲೂಕಿನಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಇಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ಮಿ.ಗ್ರಾಂ ಕಡೇ ಮಿತಿ. ಮುಖ ಚೆಂದ ಆಗಲಿ ಅಂತ ಅಂಥ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ಕೆಡೋದು ಹಲ್ಲು, ಮೂಳೆ. ಕುಡಿಯೋಕೆ ಶುದ್ಧ ನೀರಿನ ಘಟಕದ ನೀರೇ ತಗೊಳ್ಳಿ.

ಬೆಳಗ್ಗೆ ಜೇನುತುಪ್ಪ-ನಿಂಬೆ ನೀರು? ಜೇನು ಕೂಡ ಸಕ್ಕರೆಯೇ. ‘ರಕ್ತ ಶುದ್ಧಿ’ ಟಾನಿಕ್? ರಕ್ತ ಸೋಸೋ ಕೆಲಸ ಮೂತ್ರಪಿಂಡ, ಯಕೃತ್ತು ದಿನವೂ ಮಾಡುತ್ತಿವೆ. ಬಾಟಲಿ ಹಣ್ಣಿನ ಜ್ಯೂಸು? ಹಣ್ಣನ್ನೇ ತಿಂದರೆ ನಾರು ಸಿಗುತ್ತೆ, ಜ್ಯೂಸಿನಲ್ಲಿ ಸಕ್ಕರೆ ಉಳಿಯುತ್ತೆ. ಎಳನೀರು, ಸಿಹಿ ಹಾಕದ ಮಜ್ಜಿಗೆ, ಅಂಬಲಿ ಒಳ್ಳೇವು. ಅವು ಮೊಡವೆಗೆ ಔಷಧಿ ಅಂತಲ್ಲ, ಆ ಹೊತ್ತಿಗೆ ಕುಡಿಯಬಹುದಾಗಿದ್ದ ಕೂಲ್ ಡ್ರಿಂಕ್ಸ್ ಜಾಗ ತುಂಬುತ್ತವೆ ಅಂತ.

ಮುಖಕ್ಕೆ ನಿಂಬೆರಸ, ಟೂತ್‌ಪೇಸ್ಟ್ ಹಚ್ಚೋದು ಮಾತ್ರ ಬೇಡವೇ ಬೇಡ. ನಿಂಬೆರಸ ಹಚ್ಚಿ ನಮ್ಮ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತೆ.

ನಾಲ್ಕು ದಿನದ ಟ್ಯೂಬಿನ ಕಥೆ

ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್. ಟ್ಯೂಬಿನ ಮೇಲೆ ಈ ಹೆಸರಿದ್ದರೆ ಅದು ಸ್ಟಿರಾಯ್ಡ್. ಬೇರೆ ಚರ್ಮದ ಕಾಯಿಲೆಗೆ ವೈದ್ಯರು ಲೆಕ್ಕ ಹಾಕಿ ಕೊಡೋ ಔಷಧಿ ಇವು. ಮೊಡವೆಗೆ ಹಚ್ಚಿದರೆ ಮೊದಲ ವಾರ ಕೆಂಪು ಇಳಿದು ಮುಖ ಬೆಳ್ಳಗೆ ಕಾಣುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಸಣ್ಣ ರಕ್ತನಾಳ ಎದ್ದು ಕಾಣುತ್ತೆ, ಬಿಸಿಲಿಗೆ ಉರಿಯುತ್ತೆ, ಹೆಣ್ಣುಮಕ್ಕಳಿಗೆ ಮುಖದ ಮೇಲೆ ಕೂದಲು ಬೆಳೆಯುತ್ತೆ. ನಿಲ್ಲಿಸಿದರೆ ಮೊಡವೆ ಇಮ್ಮಡಿಯಾಗಿ ಏಳುತ್ತೆ, ಅದಕ್ಕೇ ಮತ್ತೆ ಹಚ್ಚುತ್ತಾರೆ.

ದೇಶದಲ್ಲಿ ಇದು ಎಷ್ಟು ಹೆಚ್ಚಾಯ್ತು ಅಂದ್ರೆ ಚರ್ಮವೈದ್ಯರ ಸಂಘವೇ ವಿರೋಧ ಎತ್ತಿತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಕ್ರೀಮುಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಫ್ಯಾನ್ಸಿ ಸ್ಟೋರ್‌ನಲ್ಲಿ ಇಟ್ಟು ಮಾರೋದಂತೂ ಸಾಧ್ಯವೇ ಇಲ್ಲ. ಗಿರಾಕಿ ಹೆಸರು ಹೇಳಿಯೇ ಕೇಳಿದರೂ “ಚೀಟಿ ತಗೊಂಡು ಬಾಪ್ಪ” ಅನ್ನೋದು ಅಂಗಡಿಗೂ ಕ್ಷೇಮ, ಅವನ ಮುಖಕ್ಕೂ ಕ್ಷೇಮ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರೋರು ತಾವೇ ಏನೂ ಮಾಡಲು ಹೋಗದೆ ವೈದ್ಯರಿಗೆ ಟ್ಯೂಬು ತೋರಿಸಿ ಬಿಡಿಸಿಕೊಳ್ಳಬೇಕು.

ದಪ್ಪ ಆಗೋಕೆ ಅಂತ ಕೊಡೋ ಬಿಡಿ ಮಾತ್ರೆಗಳಲ್ಲೂ ಸ್ಟಿರಾಯ್ಡ್ ಇರಬಹುದು. ಪದೇ ಪದೇ ಹಾಕಿಸಿಕೊಳ್ಳೋ ಬಿ12 ‘ಶಕ್ತಿ ಇಂಜೆಕ್ಷನ್’ನಿಂದಲೂ ಕೆಲವರಿಗೆ ಮೊಡವೆ ಏಳುತ್ತೆ. ವೈದ್ಯರ ಹತ್ತಿರ ಹೋದಾಗ ಇದನ್ನೂ ಮುಚ್ಚಿಡದೆ ಹೇಳಿ.

ಹಾಗಾದ್ರೆ ಕೆಲಸ ಮಾಡೋದು ಯಾವುದು?

ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಊಟದ ಬಗ್ಗೆ ಖಚಿತ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಅಂತ ಹೇಳಿದೆ. ಗಟ್ಟಿಯಾಗಿ ಶಿಫಾರಸು ಮಾಡಿರೋದರಲ್ಲಿ ಬೆಂಝಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ಥರದ ರೆಟಿನಾಯ್ಡ್ ಮುಲಾಮುಗಳಿವೆ. ಜಾಸ್ತಿ ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ, ತೀರಾ ಹೆಚ್ಚಿದ್ದರೆ ಐಸೊಟ್ರೆಟಿನಾಯಿನ್.

ಇವು ಒಂದು ವಾರದಲ್ಲಿ ಕೆಲಸ ಮಾಡಲ್ಲ. ಫಲ ಕಾಣೋಕೆ 8ರಿಂದ 12 ವಾರ ಬೇಕು, ಮೊದಲ ಕೆಲವು ವಾರ ಚರ್ಮ ಒಣಗಬಹುದು, ಸಿಪ್ಪೆ ಏಳಬಹುದು. ಇಲ್ಲೇ ಬಹಳ ಜನ ಬಿಟ್ಟು ನಾಲ್ಕು ದಿನದ ಟ್ಯೂಬಿಗೆ ವಾಪಸ್ ಹೋಗೋದು. ರೆಟಿನಾಯ್ಡ್ ರಾತ್ರಿ ಹಚ್ಚಬೇಕು, ಹಗಲು ಬಿಸಿಲಿಂದ ಮುಖ ಕಾಪಾಡಿಕೊಳ್ಳಬೇಕು. ಬೆಂಝಾಯಿಲ್ ಪೆರಾಕ್ಸೈಡ್ ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತೆ. ಮಗ್ಗದ ಮುಂದೆ ಕೂರೋ ಮೊಳಕಾಲ್ಮೂರಿನ ನೇಕಾರರು ಕೈ ತೊಳೆಯದೆ ರೇಷ್ಮೆ ಮುಟ್ಟಬಾರದು.

ಗರ್ಭಿಣಿಯರು, ಮಗು ಬೇಕು ಅಂತ ಇರೋರು ಈ ಮಾತು ಗಮನಿಸಬೇಕು. ಐಸೊಟ್ರೆಟಿನಾಯಿನ್ ಹೊಟ್ಟೆಯಲ್ಲಿರೋ ಮಗುವಿಗೆ ತೀವ್ರ ತೊಂದರೆ ಮಾಡುತ್ತೆ, ರೆಟಿನಾಯ್ಡ್ ಮುಲಾಮೂ ಬೇಡ. ವೈದ್ಯರಿಗೆ ಮೊದಲೇ ಹೇಳಬೇಕು.

ಯಾರು ತಡ ಮಾಡಬಾರದು?

ಹೆಣ್ಣುಮಕ್ಕಳಲ್ಲಿ ದವಡೆ ಮೇಲೆ ಮೊಡವೆ, ಜೊತೆಗೆ ಮುಟ್ಟು ಏರುಪೇರು, ಗಲ್ಲದ ಮೇಲೆ ಗಟ್ಟಿ ಕೂದಲು, ತೂಕ ಹೆಚ್ಚಾಗೋದು ಇದ್ದರೆ ಅದು ಪಿಸಿಒಎಸ್ ಇರಬಹುದು. ಇದು ಬರೀ ಮುಖದ ವಿಷಯವಲ್ಲ, ಮುಂದೆ ಸಕ್ಕರೆ ಕಾಯಿಲೆ, ಮಕ್ಕಳಾಗೋದು ತಡ ಆಗೋದಕ್ಕೂ ಸಂಬಂಧ ಇದೆ. “ಮದುವೆ ಆದ್ರೆ ಸರಿಹೋಗುತ್ತೆ ಬಿಡವ್ವ” ಅಂತ ಕೂರಬಾರದು. ಇಂಥವರಿಗೆ ಸಕ್ಕರೆ ಕಡಿಮೆ ಮಾಡೋದು, ನಡೆಯೋದು ಎರಡು ಪಟ್ಟು ಉಪಯೋಗ.

ನೋವಿನ ದೊಡ್ಡ ಗಂಟು, ಗುಳಿ ಬೀಳುತ್ತಿರೋದು, ಮುಖ ತೋರಿಸೋಕೆ ಬೇಜಾರಾಗಿ ಕೆಲಸಕ್ಕೆ, ಮದುವೆ-ಮುಂಜಿಗೆ ಹೋಗೋದನ್ನೇ ಬಿಟ್ಟಿರೋದು, ಇವೂ ತಡ ಮಾಡದೆ ವೈದ್ಯರಿಗೆ ತೋರಿಸಬೇಕಾದವೇ. ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮವೈದ್ಯರು ಯಾವ ದಿನ ಸಿಗ್ತಾರೆ ಅಂತ ವಿಚಾರಿಸಿ, ಇಲ್ಲವಾದರೆ ಚಿತ್ರದುರ್ಗ ಜಿಲ್ಲಾಸ್ಪತ್ರೆಗೆ ಹೋಗಬಹುದು. ಅಷ್ಟು ದೂರ ಆಗದವರಿಗೆ ಸರ್ಕಾರದ ಇ-ಸಂಜೀವಿನಿಯಲ್ಲಿ ಮೊಬೈಲಿನಿಂದಲೇ ಉಚಿತವಾಗಿ ವೈದ್ಯರ ಜೊತೆ ಮಾತಾಡೋ ವ್ಯವಸ್ಥೆ ಇದೆ.

12 ವಾರ ಹೀಗೆ ಮಾಡಿ ನೋಡಿ

* ಇವತ್ತು ಬೆಳಕಿನಲ್ಲಿ ಮುಖದ ಒಂದು ಫೋಟೋ ತೆಗೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಇನ್ನೊಂದು.
* ಕೂಲ್ ಡ್ರಿಂಕ್ಸ್ ಪೂರ್ತಿ ನಿಲ್ಲಿಸಿ. ಟೀ ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಮಾಡಿ.
* ಬನ್ನು, ಬಿಸ್ಕತ್ತಿನ ಹೊತ್ತಿಗೆ ಹುರಿದ ಶೇಂಗಾ, ಕಡಲೆ, ಒಂದು ಹಣ್ಣು.
* ದಿನಕ್ಕೆ ಎರಡು ಸಲ ಮೃದು ಸೋಪಿನಲ್ಲಿ ಮುಖ ತೊಳೆಯಿರಿ. ಉಜ್ಜಬೇಡಿ, ಹಿಸುಕಬೇಡಿ.
* ವೈದ್ಯರು ಕೊಟ್ಟ ಮುಲಾಮು ಇದ್ದರೆ ಇದರ ಜೊತೆಗೇ ಹಚ್ಚಿ. ಊಟ ಬದಲಾಯಿಸಿದ್ದೀನಿ ಅಂತ ಔಷಧಿ ನಿಲ್ಲಿಸಬೇಡಿ.

12 ವಾರ ಆದಮೇಲೆ ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಕಡಿಮೆ ಆಗಿದ್ದರೆ ಮುಂದುವರಿಸಿ. ಆಗದಿದ್ದರೆ ಅದು ನಿಮ್ಮ ತಪ್ಪಲ್ಲ, ತಿಂದಿದ್ದು ಸಾಲದು ಅಂತಲೂ ಅಲ್ಲ. ಕೆಲವರ ಮೊಡವೆ ಊಟಕ್ಕೆ ಜಗ್ಗಲ್ಲ. ಟೀ, ಕೂಲ್ ಡ್ರಿಂಕ್ಸ್‌ನಲ್ಲಿ ಉಳಿದ ದುಡ್ಡು ಹೇಗೂ ಇರುತ್ತೆ, ಅದೇ ದುಡ್ಡಲ್ಲಿ ಬಸ್ ಹತ್ತಿ ಚರ್ಮವೈದ್ಯರ ಹತ್ತಿರ ಹೋಗಿ ಬನ್ನಿ.